ಹನ್ನೊಂದು ಮಿಲಿಮೀಟರ್ ಆಳದಲ್ಲಿ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ರಕ್ತಪರೀಕ್ಷೆಯ ಫಲಿತಾಂಶ ಅವನ ಫೋನಿಗೆ ಬಂತು. ಹದಿನಾಲ್ಕು ಪಾಯಿಂಟ್ ಎರಡು. ನಾಲ್ಕರೊಳಗೆ ಇರಬೇಕಾದ ಅಂಕಿ.

ಆಗ ಅವನು ಯಂತ್ರದ ಕೋಣೆಯಲ್ಲಿ ಒಬ್ಬನೇ ಕೂತು ಬೆಳಕಿನ ನಾರುಗಳ ತುದಿ ಒರೆಸುತ್ತಿದ್ದ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಒರೆಸುವುದನ್ನು ಮುಂದುವರಿಸಿದ. ಎಡಗಡೆಯ ಕಟ್ಟು, ಬಲಗಡೆಯ ಕಟ್ಟು, ಒಂದೊಂದಕ್ಕೂ ಹೊಸ ಕಾಗದ. ಕಿಟಕಿಯಿಲ್ಲದ ಕೋಣೆ ಅದು. ಹಿಂದೆ ಎಕ್ಸ್‌ರೇ ಫಿಲಮ್ಮುಗಳನ್ನು ಪೇರಿಸಿಡುತ್ತಿದ್ದರು. ಲೇಸರ್ ಬೆಳಕು ಎಲ್ಲೂ ಪುಟಿಯದಿರಲಿ ಎಂದು ನಾಲ್ಕು ಗೋಡೆಗೂ ಕಪ್ಪು ಬಳಿಸಿದವನು ಅವನೇ. ಒಂದರ ಹಿಂದೊಂದು ಎರಡು ಬಾಗಿಲು, ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಹೊರಗಡೆ ಕೆಂಪು ದೀಪ. ದೀಪ ಉರಿಯುತ್ತಿರುವಾಗ ಯಾರೂ ಒಳಗೆ ಬರುವ ಹಾಗಿಲ್ಲ. ಒಳಗಿದ್ದವರು ಹೊರಗೆ ಹೋದರೆ ಲೇಸರ್ ತಾನಾಗಿ ಆರಿಹೋಗುತ್ತದೆ, ಮತ್ತೆ ಬಿಸಿಯಾಗಲು ಇಪ್ಪತ್ತು ನಿಮಿಷ. ಹೀಗೆಲ್ಲ ಯೋಚಿಸಿ ಕಟ್ಟಿದ್ದಕ್ಕೆ ಆಸ್ಪತ್ರೆಯವರು ಅವನನ್ನು ಹೊಗಳಿದ್ದರು. ಈಗ ಅದರೊಳಗೆ ಕೂತು, ಹೊರಗೆ ಹೋಗಲು ಏನಾದರೊಂದು ನೆಪ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಹೊರಗೂ ಅದೇ ಹದಿನಾಲ್ಕು ಪಾಯಿಂಟ್ ಎರಡು.

ಫೋನ್ ಮೇಜಿನ ಮೇಲೆ ಗುರ್ರೆಂದಿತು. ಹೆಂಡತಿ.

"ಬಂತಾ?"

"ಏನು ಬಂತಾ?"

"ಏನು ಅಂತ ನನ್ನನ್ನೇ ಕೇಳಿ. ಮೊನ್ನೆ ಮೊಣಕೈಗೆ ಹತ್ತಿ ಅಂಟಿಸ್ಕೊಂಡು ಮನೆಗೆ ಬಂದೋರು ನಾನಲ್ಲ. ಅಂಗಿ ತೋಳು ಇಳಿಸಿಬಿಟ್ರೆ ಕಾಣಲ್ಲ ಅಂದ್ಕೊಂಡ್ರಾ? ಒಗೆಯೋಳು ನಾನು."

"ಸಕ್ಕರೆ ನೋಡಿಸಿದೆ ಅಷ್ಟೆ. ನಾರ್ಮಲ್."

"ಸಕ್ಕರೆಗೆ ಊರಾಚೆ ಲ್ಯಾಬಿಗೆ ಹೋಗಬೇಕಾ? ದಿನಾ ಆಸ್ಪತ್ರೇಲೇ ಇರ್ತೀರಿ."

"ಆ ಕಡೆ ಕೆಲಸ ಇತ್ತು."

"ಆಯ್ತಪ್ಪ," ಅಂದಳು. ಅವಳು ಆಯ್ತಪ್ಪ ಅಂದರೆ ಆಗಲಿಲ್ಲ ಅಂತಲೇ ಅರ್ಥ. "ಸಕ್ಕರೆ ನಾರ್ಮಲ್ಲು. ಹಂಗಾದ್ರೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಹತ್ತು ಹತ್ತು ನಿಮಿಷ ನಿಂತಿರ್ತೀರಲ್ಲ, ಅದೂ ನಾರ್ಮಲ್ಲಾ?"

ಅವನು ಯಾರೋ ಬಂದರು ಎಂದು ಫೋನ್ ಇಟ್ಟ. ಯಾರೂ ಬಂದಿರಲಿಲ್ಲ. ನಲ್ಲಿಯ ಶಬ್ದ ಹೊರಗೆ ಕೇಳುತ್ತದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಬೇರೆ ಶಬ್ದ ಕೇಳದಿರಲಿ ಎಂದೇ ಅವನು ನಲ್ಲಿ ಬಿಡುತ್ತಿದ್ದದ್ದು. ಅಪ್ಪನೂ ಹಾಗೇ ಬಿಡುತ್ತಿದ್ದರು. ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟರು, ಮೈದಾನದ ಆ ತುದಿಯಲ್ಲಿ ನಿಂತವನ ಬೆನ್ನನ್ನೂ ನೆಟ್ಟಗಾಗಿಸುವ ಗಂಟಲು. ಆ ಗಂಟಲು ಬಚ್ಚಲಲ್ಲಿ ಮಾತ್ರ ಸತ್ತಂತೆ ಸುಮ್ಮನಿರುತ್ತಿತ್ತು. ಹೊರಗೆ ಬಕೆಟ್ ಹಿಡಿದು ನಿಂತ ಮಗ, ನೀರು ಸುರಿಯುವ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದನ್ನು ಹುಡುಕುತ್ತಿದ್ದ: ತೊಟ್ಟು, ಆಮೇಲೆ ಏನೂ ಇಲ್ಲ, ಆಮೇಲೆ ಎರಡು ತೊಟ್ಟು, ಒಂದು ನಿಟ್ಟುಸಿರು. ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ಗೊತ್ತಿದ್ದೂ ಕೇಳುತ್ತಿದ್ದ. ಬಾಗಿಲು ತೆರೆದಾಗ ಅಪ್ಪ ಅವನ ಕಣ್ಣನ್ನು ನೋಡದೆ ಬಕೆಟ್ಟನ್ನು ನೋಡುತ್ತಿದ್ದರು. ಅವರಿಗೆ ಬಂದದ್ದು ಏನು ಎಂದು ಹೆಸರು ಗೊತ್ತಾಗುವ ಹೊತ್ತಿಗೆ ಅದು ಬೆನ್ನುಮೂಳೆಯಲ್ಲಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಂತ್ರ ಯಾಕೆ ಕಟ್ಟಿದಿರಿ ಎಂದು ಕೇಳಿದವರಿಗೆಲ್ಲ, ಬೆಳಕು ಮತ್ತು ಶಬ್ದ ಎರಡೂ ತನಗೆ ಇಷ್ಟವಾದ ವಿಷಯ ಎನ್ನುತ್ತಿದ್ದ.

ಯಂತ್ರದ ಕೆಲಸ ಹೇಳಲು ಸುಲಭ. ಬೆಳಕನ್ನು ಒಳಗೆ ಕಳಿಸುತ್ತದೆ, ಶಬ್ದವನ್ನು ಕೇಳಿಸಿಕೊಳ್ಳುತ್ತದೆ. ಲೇಸರಿನ ಒಂದು ಮಿಣುಕು ಗುದದ್ವಾರದಲ್ಲಿಟ್ಟ ಪ್ರೋಬಿನ ತುದಿಯಿಂದ ಪ್ರಾಸ್ಟೇಟ್ ಗ್ರಂಥಿಗೆ ಇಳಿಯುತ್ತದೆ. ಅಲ್ಲಿನ ರಕ್ತ ಆ ಬೆಳಕನ್ನು ಕುಡಿದು ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗುವಾಗ ಒಂದು ಶಬ್ದ ಹುಟ್ಟುತ್ತದೆ, ಯಾರ ಕಿವಿಗೂ ಕೇಳದಷ್ಟು ತೆಳು. ಅದನ್ನು ಅದೇ ಪ್ರೋಬ್ ಹಿಡಿದು ಚಿತ್ರ ಮಾಡುತ್ತದೆ. ಗಡ್ಡೆ ಬೆಳೆಯಲು ರಕ್ತ ಬೇಕು, ಅದು ತನ್ನ ಸುತ್ತ ನಾಳಗಳನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಗಡ್ಡೆಯಿದ್ದ ಕಡೆ ಶಬ್ದ ಜೋರು, ತೆರೆಯ ಮೇಲೆ ಬಣ್ಣ ಕೆಂಪು. ಈ ಆಸ್ಪತ್ರೆಯಲ್ಲಿ ಇನ್ನೂ ಪ್ರಯೋಗದ ಹಂತ. ಡಾಕ್ಟರು ಎಂದಿನಂತೆ ಸೂಜಿ ಹಾಕಿ ಹನ್ನೆರಡು ತುಣುಕು ತೆಗೆಯುತ್ತಾರೆ. ಯಂತ್ರ ಕೆಂಪು ತೋರಿಸಿದ ಕಡೆ ಎರಡು ಹೆಚ್ಚು. ಈವರೆಗೆ ನಲವತ್ತೊಂದು ಮಂದಿ ಆ ಮೇಜಿನ ಮೇಲೆ ಮಲಗಿದ್ದರು.

ಅವರೆಲ್ಲರಿಗಿಂತ ಮೊದಲು ಮಲಗಿದವನು ಅವನು. ಅವನಿದ್ದ ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಬಂದ ಪದ್ಧತಿ ಅದು: ಯಂತ್ರ ಕಟ್ಟಿದವರು ಮೊದಲು ತಮ್ಮ ಮೈಯನ್ನು ಒಡ್ಡಬೇಕು. ಕಣ್ಣಿನ ಯಂತ್ರ ಕಟ್ಟಿದವರು ಕಣ್ಣು ಕೊಟ್ಟಿದ್ದರು, ಗಂಟಲಿನದನ್ನು ಕಟ್ಟಿದಾಕೆ ಗಂಟಲು ಕೊಟ್ಟಿದ್ದಳು. "ನಿಮ್ಮ ಅದೃಷ್ಟ ನೋಡಿ," ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕಿದ್ದರು. ಆರೋಗ್ಯವಂತರ ಫಾರಮ್ಮಿನಲ್ಲಿ ಒಂದು ಸಾಲಿತ್ತು, ಪ್ರಾಸ್ಟೇಟಿನ ಇತ್ತೀಚಿನ ರಕ್ತಪರೀಕ್ಷೆ. ಅವನು ನಾರ್ಮಲ್ ಎಂದು ಬರೆದ. ರಕ್ತವನ್ನೇ ಕೊಟ್ಟಿರಲಿಲ್ಲ. ಕೊಡುವುದಕ್ಕೆ ಐದು ನಿಮಿಷ ಸಾಕಿತ್ತು, ಕೆಳಗಿನ ಮಹಡಿಯಲ್ಲೇ ಸೂಜಿ ಹಾಕುತ್ತಿದ್ದರು. ಲಿಫ್ಟಿನ ತನಕ ಹೋಗಿ ವಾಪಸು ಬಂದಿದ್ದ.

ಗೋಡೆಯ ಮೇಲೆ, ಅವನ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಅವನದೇ ಚಿತ್ರ ಚೌಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಕೆಳಗೆ 'ಆರೋಗ್ಯವಂತ-೧' ಎಂದು ಅಚ್ಚು. ಹೊಸಬರು ಬಂದರೆ ಡಾಕ್ಟರು ಅದನ್ನೇ ತೋರಿಸಿ, ಸಹಜ ಅಂದರೆ ಹೀಗಿರಬೇಕು ನೋಡಿ ಎನ್ನುತ್ತಿದ್ದರು. ಅಚ್ಚುಹಾಕುವ ಮೊದಲು ಆ ಚಿತ್ರದಿಂದ ಒಂದು ಕಲೆಯನ್ನು ಅವನು ಒರೆಸಿದ್ದ.

ಕಾಗದ ಬುಟ್ಟಿಗೆ ಹಾಕಿ, ತೆರೆಯ ಮುಂದೆ ಬಂದು, ಎರಡು ವರ್ಷದ ಹಿಂದಿನ ಆ ಕಡತವನ್ನು ತೆರೆದ. ಕಲೆ ಒರೆಸುವ ಆಯ್ಕೆಯ ಟಿಕ್ ಗುರುತನ್ನು ತೆಗೆದ. ಕಲೆ ಇತ್ತು. ಎಡಗಡೆ, ಹಿಂಭಾಗ, ಪ್ರೋಬಿನ ಮುಖದಿಂದ ಹನ್ನೊಂದು ಮಿಲಿಮೀಟರ್ ಆಳದಲ್ಲಿ, ಹೆಸರುಕಾಳಿನಷ್ಟು. ಅವತ್ತು ಅದನ್ನು ಅವನು ನೋಡಿರಲಿಲ್ಲ, ಅದೇ ವಿಚಿತ್ರ. ಅವನು ಎಡಮಗ್ಗುಲಾಗಿ ಮಂಡಿ ಮಡಚಿ ಮಲಗಿದ್ದ, ಮುಖ ಕಪ್ಪು ಗೋಡೆಯ ಕಡೆಗೆ, ಕೆನ್ನೆಗೆ ಹಾಸಿದ ಕಾಗದ ಅಂಟಿಕೊಂಡಿತ್ತು. ಬೆನ್ನ ಹಿಂದೆ ಡಾಕ್ಟರು, ತನಗಿಂತ ಹತ್ತು ವರ್ಷ ಚಿಕ್ಕ ಹೆಂಗಸು, ಬೆಳಿಗ್ಗೆಯಷ್ಟೇ ಜೊತೆಯಲ್ಲಿ ಕಾಫಿ ಕುಡಿದವರು. "ಇದೇನ್ರೀ ಇಲ್ಲಿ?" ಎಂದು ಅವರ ದನಿ ಬಂತು. ಅವನು ತಿರುಗಿ ನೋಡಬಹುದಿತ್ತು. ತಿರುಗಿದರೆ ಅವರ ಮುಖ ಕಾಣುತ್ತಿತ್ತು, ಅವರಿಗೆ ಇವನ ಮುಖ. "ಪ್ರತಿಧ್ವನಿ ಅದು. ಆಮೇಲೆ ನೋಡ್ಕೋತೀನಿ," ಎಂದು ಗೋಡೆಗೆ ಹೇಳಿದ. ಬೇಗ ಎದ್ದು ಪ್ಯಾಂಟು ಏರಿಸಿಕೊಂಡರೆ ಸಾಕಾಗಿತ್ತು. ಆಮೇಲೆ ನೋಡಿದಾಗ ಲೆಕ್ಕ ಎಷ್ಟು ಚೆನ್ನಾಗಿ ಕೂತಿತೆಂದರೆ, ತನ್ನ ಬುದ್ಧಿಗೆ ತಾನೇ ಖುಷಿಪಟ್ಟ. ಕರುಳಿನ ಗೋಡೆ ಐದೂವರೆ ಮಿಲಿಮೀಟರಿನಲ್ಲಿ. ಪ್ರೋಬಿನ ಮುಖದಲ್ಲೇ ಹುಟ್ಟಿದ ಶಬ್ದ ಆ ಗೋಡೆಗೆ ತಾಗಿ ಹಿಂದಿರುಗಿ ಬಂದರೆ ಎರಡರಷ್ಟು ಆಳದಲ್ಲಿ ಕಾಣಬೇಕು, ಹನ್ನೊಂದರಲ್ಲಿ. ಎಡಗಡೆಗೆ ಮಾತ್ರ ಯಾಕೆ? ಎಡಗಡೆಯ ನಾರಿನ ಬೆಳಕು ಒಂದಿಷ್ಟು ಪ್ರಖರ. ಮುಗಿಯಿತು. ಆ ಜಾಗದಲ್ಲಿ ಬಂದದ್ದೆಲ್ಲ ಯಂತ್ರದ ದೋಷ ಎಂದು ತೀರ್ಮಾನಿಸಿ, ಮುಂದೆ ಯಾರೇ ಮಲಗಲಿ, ಅಲ್ಲಿಂದ ಅಷ್ಟನ್ನು ತಾನಾಗಿ ಒರೆಸಿಹಾಕುವ ಸಾಲುಗಳನ್ನು ಬರೆದ. ಡಾಕ್ಟರು, "ನಿಮ್ಮ ಮೈಯ ಅಳತೆ ತೆಗೆದು ಎಲ್ಲರಿಗೂ ಅಂಗಿ ಹೊಲಿದ್ರಿ ಅನ್ನಿ," ಎಂದು ತಮಾಷೆ ಮಾಡಿದ್ದರು.

ಅದೇ ಕಡತದಲ್ಲಿ ಇನ್ನೂ ಎರಡು ಚಿತ್ರಗಳಿದ್ದವು, ಪ್ರೋಬನ್ನು ಸ್ವಲ್ಪ ಒತ್ತಿ ತೆಗೆದವು. ಎರಡು ವರ್ಷದಲ್ಲಿ ಒಮ್ಮೆಯೂ ಅವನ್ನು ತೆರೆದಿರಲಿಲ್ಲ. ಈಗ ತೆರೆದ. ಒತ್ತಿದಾಗ ಕರುಳಿನ ಗೋಡೆ ಐದೂವರೆಯಿಂದ ನಾಲ್ಕಕ್ಕೆ ಬಂದಿತ್ತು. ಪ್ರತಿಧ್ವನಿಯಾಗಿದ್ದರೆ ಕಲೆ ಎಂಟಕ್ಕೆ ಬರಬೇಕು. ಅದು ಒಂಬತ್ತೂವರೆಯಲ್ಲಿತ್ತು, ಗೋಡೆ ಎಷ್ಟು ಸರಿದಿತ್ತೋ ಅಷ್ಟೇ ಸರಿದು, ಗ್ರಂಥಿಯ ಜೊತೆಗೇ ಬಂದಿತ್ತು. ಗ್ರಂಥಿಯೊಳಗೆ ಇರುವಂಥದ್ದು ಮಾತ್ರ ಹಾಗೆ ಬರುತ್ತದೆ.

ಅಂದರೆ ನಲವತ್ತೊಂದು ಜನರಲ್ಲಿ ಯಾರಿಗೆ ಆ ಜಾಗದಲ್ಲಿ ಗಡ್ಡೆ ಇತ್ತೋ, ಅದನ್ನು ಅವನು ಒರೆಸಿದ್ದ. ಹೆಚ್ಚಿನ ಎರಡು ತುಣುಕು ಅಲ್ಲಿಂದ ಯಾರೂ ತೆಗೆದಿರಲಿಲ್ಲ. ಹನ್ನೆರಡರಲ್ಲಿ ಸಿಕ್ಕಿದ್ದರೆ ಸಿಕ್ಕಿತು, ಸಿಗದವರು ಸಮಾಧಾನದಿಂದ ಮನೆಗೆ ಹೋಗಿದ್ದರು. ಹೇಳಬೇಕು. ಹೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಫಾರಮ್ಮು ಹೊರಬರುತ್ತದೆ. ತನ್ನ ಒಳಗಿನದು ಮೊದಲು ಬರುತ್ತದೋ, ತಾನು ಬರೆದ ಸುಳ್ಳು ಮೊದಲು ಬರುತ್ತದೋ? ಯಾವುದನ್ನು ಎಳೆದರೂ ಇನ್ನೊಂದು ಅದರ ಬಾಲ ಹಿಡಿದುಕೊಂಡೇ ಬರುವಂತೆ ಕಾಣಿಸಿತು. ಎರಡು ದಿನ ಯಂತ್ರ ಕೆಟ್ಟಿದೆ ಎಂದರೆ? ಸದ್ದಿಲ್ಲದೆ ಆ ಸಾಲುಗಳನ್ನು ಅಳಿಸಿ, ಹೊಸ ಆವೃತ್ತಿ ಎಂದು ಕೊಟ್ಟರೆ? ಇನ್ನು ಮುಂದೆ ಬರುವವರಿಗೆ ಸರಿಹೋಗುತ್ತದೆ. ಆಗಲೇ ಎದ್ದುಹೋದವರು? ಗಡಿಯಾರ ನೋಡಿದ. ಹನ್ನೊಂದೂವರೆಗೆ ಹದಿನೇಳನೆಯವನು ಎರಡನೇ ಸಲ ಬರಬೇಕಿತ್ತು. ಹೋದ ವರ್ಷ ಅವನಿಗೆ ಯಂತ್ರ ಏನೂ ತೋರಿಸಿರಲಿಲ್ಲ, ಸೂಜಿಗೂ ಏನೂ ಸಿಕ್ಕಿರಲಿಲ್ಲ, ಆದರೆ ರಕ್ತದ ಅಂಕಿ ಏರುತ್ತಲೇ ಇತ್ತು.

ಹದಿನೇಳನೆಯವನು ನಿವೃತ್ತ ಬಸ್ ಕಂಡಕ್ಟರು. ಐದು ನಿಮಿಷ ಮೊದಲೇ ಬಂದು, ನೀಲಿ ಗೌನಿನ ಹಿಂದಿನ ಲಾಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಲಾಮು ಹೊಡೆದ.

"ನಮಸ್ಕಾರ ಲೈಟ್ ಸಾರ್. ಮೂವತ್ನಾಲ್ಕು ವರ್ಷ 'ಮುಂದೆ ಹೋಗಿ, ಮುಂದೆ ಹೋಗಿ' ಅಂತ ಕೂಗಿದೋನು ನಾನು. ಈಗ ನೋಡಿದ್ರೆ ನೀವೆಲ್ಲ ಸೇರಿ ನನ್ನ ಹಿಂದೆ ಬಿದ್ದಿದ್ದೀರಿ."

ಡಾಕ್ಟರ ಹಿಂದೆಯೇ ಒಳಗೆ ಬಂದಿದ್ದ ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದರು. ಡಾಕ್ಟರು ಕೈಗವಸು ಎಳೆದುಕೊಳ್ಳುತ್ತ, "ಮಲಗ್ರೀ ಯಜಮಾನ್ರೇ, ಸ್ಟಾಪ್ ಬಂತು," ಎಂದರು.

"ಮಲಗ್ತೀನಮ್ಮ. ಹೋದ ಸಲ ಸಾರ್ ಹೇಳಿದ್ರು, ಮಿಂಚು ಹೊಡೆದ ಮೇಲೆ ಗುಡುಗು ಬರುತ್ತಲ್ಲ, ಇದೂ ಹಂಗೇ ಅಂತ. ಮನೇಲಿ ನಮ್ಮವಳಿಗೆ ಹೇಳಿದ್ರೆ, 'ನಿಮ್ಮ ಹೊಟ್ಟೆ ಗುಡುಗೋದಕ್ಕೆ ಮಿಂಚು ಬೇರೆ ಬೇಕಾ' ಅಂದ್ಳು."

ಬಾಗಿಲುಗಳು ಮುಚ್ಚಿಕೊಂಡವು. ಎಲ್ಲರೂ ಹಸಿರು ಕನ್ನಡಕ ಹಾಕಿಕೊಂಡರು. ಕೆಂಪು ದೀಪ ಹೊತ್ತಿತು. ಲೇಸರ್ ಟಿಕ್ ಟಿಕ್ ಎನ್ನತೊಡಗಿತು. ಕಂಡಕ್ಟರು ಎಡಮಗ್ಗುಲಾಗಿ ಮಲಗಿ ಮಂಡಿ ಮಡಚಿದ. ಗೌನು ಸರಿದಲ್ಲಿ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಮನುಷ್ಯ ಹಿಂದಿನಿಂದ ನೋಡಿದರೆ ಇಷ್ಟು ಬಡಪಾಯಿ, ಅವತ್ತು ತಾನೂ ಹೀಗೇ ಕಂಡಿರಬೇಕು. ಅವನು ತೆರೆಗೆ ಕಣ್ಣು ನೆಟ್ಟ. ಪ್ರೋಬ್ ಒಳಗೆ ಹೋಗುವಾಗ ಕಂಡಕ್ಟರು ತಮಾಷೆ ನಿಲ್ಲಿಸಿ ಉಸಿರು ಹಿಡಿದ. ಬೂದು ಚಿತ್ರ ಬಂತು, ಅದರ ಮೇಲೆ ತೆಳುವಾಗಿ ಬಣ್ಣ ಕೂತಿತು. ನಾಳಗಳ ಎರಡು ಗೆರೆ ಬಿಟ್ಟರೆ ಬೇರೆ ಕೆಂಪು ಎಲ್ಲೂ ಇರಲಿಲ್ಲ. ಎಡಗಡೆ ಹಿಂಭಾಗದಲ್ಲಿ ಎಲ್ಲ ನುಣುಪು. ಅಷ್ಟೊಂದು ನುಣುಪು ಯಾವ ಮೈಯಲ್ಲೂ ಇರುವುದಿಲ್ಲ ಎಂದು ಅವನಿಗೆ ಇವತ್ತೇ ಮೊದಲ ಸಲ ಕಂಡಿತು.

"ಏನಿಲ್ಲ," ಎಂದರು ಡಾಕ್ಟರು. "ಕ್ಲೀನ್. ಹನ್ನೆರಡು ತಗೊಂಡು ಬಿಟ್ಬಿಡ್ತೀನಿ. ಸಿಸ್ಟರ್, ಸೂಜಿ."

ಅವನ ಬೆರಳು ಒರೆಸುವುದನ್ನು ನಿಲ್ಲಿಸುವ ಗುಂಡಿಯ ಮೇಲಿತ್ತು. ಅದು ಅಲ್ಲಿಗೆ ಯಾವಾಗ ಹೋಯಿತೋ. ಒತ್ತಿದ.

ಹೆಸರುಕಾಳಲ್ಲ, ಹುಣಸೆಬೀಜದಷ್ಟು. ನುಣುಪಿನ ನಡುವಿನಿಂದ ಎದ್ದು ಬಂದು ಪ್ರತಿ ಟಿಕ್ಕಿಗೂ ಮಿಡಿಯುತ್ತ ನಿಂತಿತು.

"ಇದೇನ್ರೀ ಇಲ್ಲಿ?"

ಎರಡು ವರ್ಷದ ಹಿಂದಿನ ಅದೇ ದನಿ. ಈ ಸಲ ಅವನು ಕುರ್ಚಿಯಲ್ಲಿದ್ದ, ಪ್ಯಾಂಟು ಹಾಕಿಕೊಂಡಿದ್ದ, ಅವರ ಮುಖ ಒಂದು ಮಾರು ದೂರದಲ್ಲಿತ್ತು. "ಗೇನ್ ಸ್ವಲ್ಪ ಜಾಸ್ತಿ ಮಾಡಿದೆ," ಎಂದ, ಬರೀ ಶಬ್ದ ಏರಿಸಿದವನಂತೆ.

"ಮೊದಲೇ ಮಾಡೋಕೇನು? ಲೇಸರ್ ನಿಲ್ಲಿಸಿ. ಇಲ್ಲಿಂದ ಎರಡು ಹೆಚ್ಚಿಗೆ." ಸೂಜಿಯ ಬಂದೂಕು ಹದಿನಾಲ್ಕು ಸಲ ಚಟ್ ಎಂದಿತು. ಅವನು ಒಂದೊಂದನ್ನೂ ಎಣಿಸಿದ. ಹದಿನಾಲ್ಕನೆಯದು ಮುಗಿದಾಗ ಬೆನ್ನಿನ ಬೆವರು ತಣ್ಣಗಾಯಿತು. ತಪ್ಪಿಸಿಕೊಂಡೆ ಎನ್ನಿಸಿತು. ಈ ಮನುಷ್ಯನಿಗೆ ಸಲ್ಲಬೇಕಾದ್ದು ಸಂದಿತು. ಉಳಿದವರನ್ನೂ ಹೀಗೇ ಒಬ್ಬೊಬ್ಬರನ್ನಾಗಿ, ಪರೀಕ್ಷೆಗೆಂದು ಮತ್ತೆ ಕರೆಸಿ, ಗೇನ್ ಜಾಸ್ತಿ ಮಾಡಿ... ಯೋಚನೆ ಎಷ್ಟು ಸಲೀಸಾಗಿ ಓಡುತ್ತಿತ್ತೆಂದರೆ, ಅದನ್ನು ಓಡಿಸುತ್ತಿರುವವನ ಮೇಲೆ ಅವನಿಗೆ ಹೇಸಿಗೆಯಾಯಿತು.

ಕಂಡಕ್ಟರು ಮೆಲ್ಲಗೆ ಎದ್ದು ಕೂತು, ಕಾಲು ಇಳಿಬಿಟ್ಟು, ಪರದೆಯ ಹಿಂದೆ ಹೋಗುವ ಮೊದಲು ಕೇಳಿದ:

"ಲೈಟ್ ಸಾರ್, ಹೋದ ಸಲ ಇದು ಇರ್ಲಿಲ್ವಾ?"

"ಹೋದ ಸಲ..." ಎಂದ ಅವನು.

"ಅಲ್ಲ, ಕ್ಲೀನ್ ಅಂದಿದ್ರಿ ಅದಕ್ಕೆ ಕೇಳ್ದೆ. ನನ್ನ ಜೊತೆ ಅವತ್ತು ಹೊರಗೆ ಒಬ್ಬ ಪೇಂಟರ್ ಕೂತಿದ್ದ, ಅವನಿಗೂ ಕ್ಲೀನ್ ಅಂದ್ರಿ. ಅವನು ಅಲ್ಲೇ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ ಸಾರ್, ಖುಷಿಗೆ. ಗುರುತಿಲ್ಲ ಪರಿಚಯ ಇಲ್ಲ. ಪಾಪ, ಮಗಳ ಮದುವೆ ಆದ್ಮೇಲೆ ಬೇರೆ ಊರಿಗೆ ಹೋಗ್ತೀನಿ ಅಂತಿದ್ದ. ಅವನ ಗೇನೂ ಅವತ್ತು ಕಮ್ಮಿ ಇತ್ತಾ?"

ಅದರಲ್ಲಿ ಕೊಂಕು ಇರಲಿಲ್ಲ. ಕಂಡಕ್ಟರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ, ಉತ್ತರಕ್ಕೆ ಕಾಯದೆ ಪರದೆ ಎಳೆದುಕೊಂಡ. ಒಳಗೆ ಬೆಲ್ಟಿನ ಬಕಲಿನ ಸದ್ದಾಯಿತು. ಡಾಕ್ಟರು ಕೈಗವಸು ಕಿತ್ತು ಬುಟ್ಟಿಗೆ ಎಸೆದು, ಚೀಟಿ ಬರೆಯಲು ಶುರುಮಾಡಿದರು. ಈಗ ಹೇಳದಿದ್ದರೆ ಮಧ್ಯಾಹ್ನ ಹೇಳಬಹುದು. ಮಧ್ಯಾಹ್ನ ಆಗದಿದ್ದರೆ ನಾಳೆ. ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ್ದು ನೆನಪಾಯಿತು.

"ಡಾಕ್ಟ್ರೇ, ಅದು ಗೇನ್ ಅಲ್ಲ."

"ಹ್ಞಾಂ?" ಅವರು ಬರೆಯುತ್ತಲೇ ಇದ್ದರು.

"ಒರೆಸೋದನ್ನ ತೆಗೆದೆ. ಅಲ್ಲಿರೋದು ಪ್ರತಿಧ್ವನಿ ಅಲ್ಲ. ಆವತ್ತೂ ಅಲ್ಲ. ಆರೋಗ್ಯವಂತ-ಒಂದು ಅಂತ ಹಾಕಿದ್ದೀವಲ್ಲ..." ಗೋಡೆಯ ಕಡೆ ಕೈ ತೋರಿಸಿದ, ವಾಕ್ಯ ಮುಗಿಸಲು ಇಷ್ಟು ಕಷ್ಟವಾಗುತ್ತದೆ ಎಂದು ಗೊತ್ತಿರಲಿಲ್ಲ. "ಅವನು ಆರೋಗ್ಯವಂತ ಅಲ್ಲ."

ಡಾಕ್ಟರು ಚೌಕಟ್ಟನ್ನು ನೋಡಿದರು, ಆಮೇಲೆ ಅವನನ್ನು. ಅವನು ಫೋನನ್ನು ಮುಂದೆ ಹಿಡಿದ. ಅವರು ಅಂಕಿ ಓದಿದರು. ಒಂದು ಕ್ಷಣ ಅವರ ಮುಖದಲ್ಲಿ ಮರುಕ ಬಂತು, ಬಂದಷ್ಟೇ ಬೇಗ ಹೋಯಿತು. ಅವರು ಲೆಕ್ಕ ಹಾಕುತ್ತಿದ್ದರು.

"ರಕ್ತ ಕೊಟ್ಟಿದ್ದು ಯಾವಾಗ?"

"ಸೋಮವಾರ."

"ಇದಲ್ಲ. ಎರಡು ವರ್ಷದ ಹಿಂದಿನದು. ಫಾರಮ್ಮಲ್ಲಿ ನಾರ್ಮಲ್ ಅಂತ ಬರೆದಿದ್ದು."

ಸಿಸ್ಟರ್ ಟ್ರೇ ಹಿಡಿದುಕೊಂಡು ಹಾಗೇ ನಿಂತಿದ್ದರು. ಪರದೆಯ ಹಿಂದೆ ಬಕಲಿನ ಸದ್ದು ನಿಂತುಹೋಗಿತ್ತು.

"ಕೊಟ್ಟಿರ್ಲಿಲ್ಲ," ಎಂದ ಅವನು.

ಯಾರಾದರೂ ಬೈದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಹೇಳಿದ ಮೇಲೆ ಹಗುರಾಗುತ್ತದೆ ಎಂದು ಎಲ್ಲೋ ಒಂದು ಆಸೆ ಇತ್ತು, ಅದು ಸುಳ್ಳಾಯಿತು. ಕೋಣೆ ಅಷ್ಟೇ ಕಪ್ಪಾಗಿ, ಅಷ್ಟೇ ಚಿಕ್ಕದಾಗಿ ಇತ್ತು, ಈಗ ಅದರೊಳಗೆ ಅವನ ಜೊತೆ ಇನ್ನೂ ಮೂವರಿದ್ದರು. ಡಾಕ್ಟರು ಕೊನೆಗೆ, "ಆ ಕುರ್ಚಿಯಿಂದ ಏಳಿ," ಎಂದರು. ಕೂಗಿ ಹೇಳಲಿಲ್ಲ. ಅವನು ಎದ್ದ. ನಿಲ್ಲಲು ಜಾಗವಿದ್ದದ್ದು ಮೇಜು ಮತ್ತು ಗೋಡೆಯ ನಡುವೆ ಮಾತ್ರ. ಕಂಡಕ್ಟರು ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಪರದೆಯಿಂದ ಹೊರಬಂದ. ಅವನ ಮುಂದೆ ಬಂದು ನಿಂತು, "ನಿಮಗೂನಾ ಸಾರ್?" ಎಂದಷ್ಟೇ ಕೇಳಿ, ಬಾಗಿಲು ಯಾವ ಕಡೆ ತಳ್ಳಬೇಕೆಂದು ತಿಳಿಯದೆ ಒಂದು ಗಳಿಗೆ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡ. ಸಿಸ್ಟರ್ ಹೋಗಿ ತೆರೆದರು.

ಮಧ್ಯಾಹ್ನ ಎರಡೂವರೆಗೆ ಕಂಡಕ್ಟರದನ್ನು ಬಿಟ್ಟು ಉಳಿದ ನಲವತ್ತು ಕಡತಗಳನ್ನು ಮತ್ತೆ ತೆರೆದರು. ಕೀಲಿಮಣೆಯನ್ನು ಅವನಿಗೆ ಮುಟ್ಟಲು ಬಿಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಎಲ್ಲಿ ಒತ್ತಬೇಕೆಂದು ಅವನು ಬಾಯಲ್ಲಿ ಹೇಳಿದ, ಡಾಕ್ಟರು ಒತ್ತಿದರು, ಸಿಸ್ಟರ್ ಬರೆದುಕೊಂಡರು. ಒಂಬತ್ತರಲ್ಲಿ ಆ ಜಾಗ ಕೆಂಪಾಗಿತ್ತು, ಅದರಲ್ಲಿ ಒಂದು ಪೇಂಟರನದು. ಒಂಬತ್ತು ಹೆಸರುಗಳ ಕೆಳಗೆ ಡಾಕ್ಟರು ಅವನ ಹೆಸರನ್ನೂ ಸೇರಿಸಿ, ಎದುರಿಗೆ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ ಎಂದು ಬರೆದರು. ನಾಲ್ಕು ಗಂಟೆಗೆ ಸಿಸ್ಟರ್ ಆ ಒಂಬತ್ತು ಮನೆಗಳಿಗೂ ಫೋನ್ ಮಾಡಿದರು. ಎಂಟು ಮನೆಯವರು ಎತ್ತಿದರು.